ತೊಟ್ಟಿಲ ಕೊಂಡಿಯ ಫ್ಯಾನು

ಹೋದ ವಾರ ಮನೆಗೆ ಎರಡು ಹೊಸ ಫ್ಯಾನು ಹಾಕಲು ಎಲೆಕ್ಟ್ರಿಷಿಯನ್ ಬಂದಿದ್ದ. ಗಂಗಾವತಿಯ ನಮ್ಮ ಮನೆ ಹಳೆಯದು. ಮೇಲೆ ಮಣ್ಣಿನ ಮಾಳಿಗೆ, ಅದನ್ನು ಹೊತ್ತ ಬೇವಿನ ತೊಲೆಗಳು. ಹಳೆಯ ಫ್ಯಾನು ಇಳಿಸಿ ಒಳಕೋಣೆಯ ತೊಲೆಗೆ ಅವನು ಡ್ರಿಲ್ ಹಚ್ಚಿದಾಗ ಕಂದು ಪುಡಿ ಸುರಿಯಿತು. ಅದರ ಹಿಂದೆಯೇ ಒಂದು ಒಣ, ಕಹಿ ವಾಸನೆ... ಏಣಿ ಹಿಡಿದು ನಿಂತಿದ್ದ ನನಗೆ ಬಾಜು ಮನೆಯ ಅಕ್ಕ ನೆನಪಾದಳು.

ನನ್ನ ಮದುವೆಯಾಗಿ ಮೂರನೆಯ ವರ್ಷ ಇದೇ ವಾಸನೆ ಆಕೆಯ ಪಡಸಾಲೆಯಲ್ಲಿತ್ತು. ನಮ್ಮ ಸಾಲಿನಲ್ಲಿ ಸೀಲಿಂಗ್ ಫ್ಯಾನು ಮೊದಲು ಬಂದದ್ದು ಆಕೆಯ ಮನೆಗೆ. ಮಿಸ್ತ್ರಿ ತೊಲೆ ಕೊರೆಯುವಾಗ ಆಕೆ ಕೆಳಗೆ ನಿಂತು ಸೆರಗೊಡ್ಡಿ ಪುಡಿ ಹಿಡಿಯುತ್ತಿದ್ದಳು. "ಈಗಷ್ಟ ನೆಲಾ ಸಾರ್ಸೀನಿ. ಒಂದು ಚೂರು ಬಿತ್ತಂದ್ರ ನಿನ್ನ ಕೈಲೆ ಸಾರಸ್ತೀನಿ ನೋಡು," ಎಂದಳು ಅವನಿಗೆ. ನೋಡಲು ಹೋಗಿದ್ದ ನಾವೆಲ್ಲ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವರು ನನ್ನ ಅತ್ತೆ. ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕಿರಲಿಲ್ಲ.

ಮರುದಿನದಿಂದ ಅತ್ತೆ ಊಟ ಮುಗಿಯುತ್ತಲೇ ಎಲೆ ಅಡಿಕೆಯ ಸಂಚಿ ಹಿಡಿದು ಹೊರಡುತ್ತಿದ್ದರು. "ಒಂಚೂರು ಗಾಳಿಗೆ ಹೋಗಿ ಬರ್ತೀನಿ" ಎಂದರೆ ಬಿಸಿಲು ಇಳಿಯುವವರೆಗೂ ಅಲ್ಲೇ. ಗೋಡೆಯಾಚೆ ಅವರಿಬ್ಬರ ತಗ್ಗಿದ ಮಾತು, ನಡುನಡುವೆ ಅಡಕತ್ತರಿಯ ಸದ್ದು. ಸಂಚಿಯ ದಾರಕ್ಕೆ ಆಕೆ ಎರಡು ಹಸಿರು ಮಣಿ ಪೋಣಿಸಿ ಕೊಟ್ಟಿದ್ದಳು. ಕೆಲವು ದಿನ ಅತ್ತೆಯ ತಲೆಯಿಂದ ಆಕೆಯ ಮನೆಯ ಎಣ್ಣೆಯ ಪರಿಮಳ ಬರುತ್ತಿತ್ತು. ನಾನು ಕಾನ್ವೆಂಟಿನಲ್ಲಿ ಓದಿದವಳು, ಪುಸ್ತಕದ ಕನ್ನಡ ಆಡುವವಳು. "ಊಟಕ್ಕೆ ಏಳಿ ಅತ್ತೆ" ಎಂದರೆ, "ನಮ್ಮ ಸೊಸಿ ರೇಡಿಯೋದಾಗ ಮಾತಾಡಿದಂಗ ಮಾತಾಡ್ತಾಳ ನೋಡ್ರಿ" ಎಂದು ಬಂದವರ ಮುಂದೆ ಹೇಳುತ್ತಿದ್ದರು. ಹೊಟ್ಟೆಕಿಚ್ಚು ಎಂಬುದು ನನ್ನಂಥವಳಿಗೆ ಸಲ್ಲದ ದೊಡ್ಡ ಮಾತು ಎಂದುಕೊಂಡಿದ್ದೆ. ಅವರ ಖಾಲಿ ಚಾಪೆ ಸುತ್ತಿಡುವಾಗ ಒಳಗೆ ಏನೋ ಹಿಂಡಿದಂತಾಗುತ್ತಿತ್ತು, ಅಷ್ಟೆ.

ನಮ್ಮಲ್ಲೂ ಫ್ಯಾನಿದ್ದರೆ ಯಾಕೆ ಹೋಗುತ್ತಾರೆ ಅನ್ನಿಸಿತು. ಯಜಮಾನರಿಗೆ ಹೇಳಿ ತರಿಸಿದೆ. ಅತ್ತೆ ಆಚೆ ಮನೆಯಲ್ಲಿ ಮಲಗಿದ್ದ ಹೊತ್ತು ನೋಡಿ ಅದೇ ಮಿಸ್ತ್ರಿಯನ್ನು ಕರೆಸಿದೆ. ಅವನು ಪಡಸಾಲೆಯ ನಡುತೊಲೆಯ ಕಬ್ಬಿಣದ ಕೊಂಡಿಯನ್ನು ಎಳೆದು ನೋಡಿ, "ಇದು ಐತಲ್ರಿ ಅಕ್ಕಾರ. ಆನಿ ತೂಗಿದ್ರೂ ಬಗ್ಗಂಗಿಲ್ಲ," ಎಂದ.

ಏಣಿಯ ಸದ್ದಿಗೆ ಅಕ್ಕ ಬಂದು ಬಾಗಿಲಲ್ಲಿ ನಿಂತಿದ್ದಳು. "ತಂಗೀ, ಅದು ತೊಟ್ಟಿಲ ಕೊಂಡಿ. ಅದಕ್ಕ ಬ್ಯಾಡ. ಬಾಜೂಕ ಒಂದು ತೂತ ಹಾಕ್ಸು."

"ಯಾಕೆ?" ಎಂದೆ.

ಆಕೆ ಮಿಸ್ತ್ರಿಯ ಕಡೆ ನೋಡಿ ದನಿ ತಗ್ಗಿಸಿದಳು. "ದೊಡ್ಡವ್ವಗ ಸೇರಂಗಿಲ್ಲ."

ನನ್ನ ಅತ್ತೆಗೆ ಏನು ಸೇರುತ್ತದೆ ಎಂದು ನನಗೇ ಹೇಳಿಕೊಡುವುದು... "ನಮ್ಮ ಮನೆಯದು ನಾವು ನೋಡಿಕೊಳ್ಳುತ್ತೇವೆ ಅಕ್ಕಾ," ಎಂದೆ. ದನಿ ಮೆತ್ತಗೇ ಇತ್ತು. ಆಕೆ ಹೊರಟುಹೋದಳು. ಮಿಸ್ತ್ರಿ ಕೊಂಡಿಗೇ ಫ್ಯಾನು ತೂಗುಹಾಕಿದ.

ಸಂಜೆ ಅತ್ತೆ ಬಂದರು. ಹೊಸ್ತಿಲಲ್ಲೇ ನಿಂತು ಮೇಲೆ ನೋಡಿದರು. "ಗಾಳಿ ಛಲೋ ಬರ್ತೈತಿ," ಎಂದರು. ಚಾಪೆ ಎತ್ತಿಕೊಂಡು ಹಿತ್ತಲಿಗೆ ಹೋಗಿ ಮಲಗಿದರು. ಆ ದಿನ ರೊಟ್ಟಿಯನ್ನೂ ಮುಟ್ಟಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕನ ಮನೆಯ ಬಟ್ಟಲನ್ನು ಹಿಂದಿರುಗಿಸಲು ಹೋದೆ. ಖಾಲಿ ಬಟ್ಟಲು ಕೊಡಬಾರದೆಂದು ರೊಟ್ಟಿಗೆ ನಂಚಿಕೊಳ್ಳುವ ಶೇಂಗಾ ಹಿಂಡಿ ತುಂಬಿಸಿದ್ದೆ. ಬಾಗಿಲ ಹತ್ತಿರ ಅತ್ತೆಯ ದನಿ ಕೇಳಿ ನಿಂತೆ.

"ಮೊಮ್ಮಗು ಬರ್ತೈತಿ ಅಂತ ಆ ಕೊಂಡಿಗೆ ವರ್ಷಾ ಎಣ್ಣಿ ಹಚ್ತೀನಿ. ಸೊಸಿ ಮುಂದ ಅಂದ್ರ ಮನಸಿಗೆ ಹಚ್ಕೋತಾಳಂತ ನಿನ್ನ ಮುಂದ ಅಷ್ಟ ಹೇಳಿದ್ನಿ. ನೀನೂ ಸುಮ್ನಿದ್ದೇನು?"

"ನಾನೇ ಅಂದ್ನಿ ದೊಡ್ಡವ್ವಾ, ಕೊಂಡಿಗೇ ಹಾಕು ಅಂತ. ತೊಲಿಗೆ ಇನ್ನೊಂದು ತೂತ ಯಾಕಂದ್ನಿ. ಆ ಹುಡುಗಿಗೆ ಏನ್ ಗೊತ್ತು? ಬೈಯೋದಿದ್ರ ನನಗ ಬೈ."

ಅಡಕತ್ತರಿ ಕೆಳಗಿಟ್ಟ ಸದ್ದಾಯಿತು. "ಗೊತ್ತಿದ್ದ ನೀನೇ..." ಎಂದರು ಅತ್ತೆ.

ಮೂರು ವರ್ಷದಲ್ಲಿ ಒಮ್ಮೆಯೂ ಅತ್ತೆ ಮಗುವಿನ ಮಾತೆತ್ತಿರಲಿಲ್ಲ. ಅದು ನನ್ನ ಮೇಲಿನ ಉದಾಸೀನ ಎಂದೇ ತಿಳಿದಿದ್ದೆ. ಅವರು ಗೋಡೆಯಾಚೆ ಹೋಗುತ್ತಿದ್ದುದು ಗಾಳಿಗಲ್ಲ. ಆಗಲೇ ಒಳಗೆ ಹೋಗಿ, ತಪ್ಪು ನನ್ನದು ಎನ್ನಬೇಕಿತ್ತು. ನಾನು ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಸದ್ದಾಗದಂತೆ ಹಿಂದಿರುಗಿದೆ.

ಅಂದಿನಿಂದ ಅತ್ತೆ ಆ ಮನೆಗೆ ಹೋಗಲಿಲ್ಲ. ನಮ್ಮ ಪಡಸಾಲೆಯಲ್ಲೇ, ಕೊಂಡಿಯ ನೇರ ಬಿಟ್ಟು ಒಂದು ಮಗ್ಗುಲಿಗೆ, ಮಲಗತೊಡಗಿದರು. ನನ್ನ ಕೈಯಿಂದ ಚಹಾ ಕೇಳಿ ಕುಡಿಯುತ್ತಿದ್ದರು. ನನಗೆ ಬೇಕಾದದ್ದು ಸಿಕ್ಕಿತ್ತು. ಸಂತೋಷವಾಗಲಿಲ್ಲ ಎಂದರೆ ಸುಳ್ಳಾದೀತು...

ಎರಡು ತಿಂಗಳಿಗೆ ಅಕ್ಕನ ಗಂಡನಿಗೆ ಕುಷ್ಟಗಿಗೆ ವರ್ಗವಾಯಿತು. ಸಾಮಾನು ತುಂಬಿದ ಟೆಂಪೊ ಹೊರಟು ನಿಂತರೂ ಅತ್ತೆ ಹೊರಗೆ ಬರಲಿಲ್ಲ. ಆಕೆ ನಮ್ಮ ಬಾಗಿಲವರೆಗೆ ಬಂದು, ಒಳಗೊಮ್ಮೆ ಇಣುಕಿ, ನನ್ನ ಕೈ ಹಿಡಿದಳು. "ನಿನ್ನ ಶೇಂಗಾ ಹಿಂಡಿ ಭಾಳ ರುಚಿ ಇತ್ತವ್ವಾ. ಬಟ್ಲ ಹೊಸ್ತಿಲ ಮ್ಯಾಲೇ ಸಿಕ್ತು," ಎಂದಳು. ನನ್ನ ಮುಖ ನೋಡದೆ ಟೆಂಪೊ ಹತ್ತಿದಳು.

ಮುಂದಿನ ವರ್ಷ ಮಗಳು ಹುಟ್ಟಿದಳು. ಅತ್ತೆ ತಾವೇ ನಿಂತು ಫ್ಯಾನು ಇಳಿಸಿ ಒಳಕೋಣೆಗೆ ಹಾಕಿಸಿದರು, ಕೊಂಡಿಗೆ ಎಣ್ಣೆ ಹಚ್ಚಿ ತೊಟ್ಟಿಲು ಕಟ್ಟಿಸಿದರು. ಹೆಸರಿಡುವಾಗ ಕಣ್ಣೊರೆಸಿಕೊಂಡು, "ಆಕಿ ಇದ್ದಿದ್ರ ಜೋಗುಳ ಹಾಡ್ತಿದ್ಲು. ನಾನೇ ಭಾಳ ಬಿರುಸಾದ್ನೇನೋ," ಎಂದರು. ಆಗಲಾದರೂ ಹೇಳಬಹುದಿತ್ತು. ಆದರೆ ನನ್ನ ಮಗುವಿನ ತೊಟ್ಟಿಲ ಮುಂದೆಯೂ ಅವರಿಗೆ ಬೇಕಾದದ್ದು ಆಕೆಯೇ ಎಂಬುದು ಮತ್ತೆ ಹಿಂಡಿತು. ನಾನು ತೊಟ್ಟಿಲು ತೂಗುತ್ತ ನಿಂತೆ.

ಈಗ ಅತ್ತೆ ಇಲ್ಲ. ಅಕ್ಕನೂ ಇಲ್ಲವಂತೆ, ಕುಷ್ಟಗಿಯಿಂದ ನೆಂಟರ ಮದುವೆಗೆ ಬಂದಿದ್ದವರೊಬ್ಬರು ಊಟದ ಎಲೆಯ ಮುಂದೆ ಕೂತು, ಯಾವುದೋ ಮಾತಿನ ನಡುವೆ ಹೇಳಿದರು.

ಒಳಕೋಣೆ ಮುಗಿಸಿದ ಎಲೆಕ್ಟ್ರಿಷಿಯನ್ ಏಣಿಯನ್ನು ಪಡಸಾಲೆಗೆ ತಂದ. ತೊಲೆಯ ಕೊಂಡಿ ಮುಟ್ಟಿ ನೋಡಿದ. "ಇಲ್ಲೇ ಗಟ್ಟಿ ಕೊಂಡಿ ಐತ್ರಿ ಅಮ್ಮಾರ. ಇದಕ್ಕೇ ಹಾಕ್ಲೇನ್ರಿ?"

"ಅದು ತೊಟ್ಟಿಲ ಕೊಂಡಿ. ಅದಕ್ಕ ಬ್ಯಾಡಪ್ಪಾ," ಎಂದೆ. "ಬಾಜೂಕ ಒಂದು ತೂತ ಹಾಕು."

ರೇಡಿಯೋದ ಮಾತಲ್ಲ ಅದು. ಇಷ್ಟು ವರ್ಷದ ಮೇಲೆ ಅತ್ತೆಗೆ ಒಪ್ಪುವಂಥ ಮಾತೊಂದು ಬಾಯಿಂದ ಬಂದರೆ, ಅದೂ ಅಕ್ಕನದೇ. ಡ್ರಿಲ್ ಶುರುವಾಯಿತು. ನಾನು ಕೆಳಗೆ ನಿಂತು ಸೆರಗೊಡ್ಡಿದೆ.