ಒಂದು ತಾಸಿನ ತಕರಾರು ಅರ್ಜಿ

ಸವಣೂರಿನ ಕೋರ್ಟಿನೆದುರು ಅರ್ಜಿ ಬರೆದುಕೊಡುವವರು ಐದಾರು ಮಂದಿ ಇದ್ದಾರೆ. ಅವರಲ್ಲಿ ಕೀಲಿಮಣೆಯ ಕಡೆ ಕಣ್ಣೂ ಹಾಯಿಸದೆ ಹತ್ತೂ ಬೆರಳಿನಿಂದ ಕನ್ನಡ ಟೈಪ್ ಮಾಡುವವಳು ಖತೀಜಾಬಿ ಒಬ್ಬಳೇ. ಉಳಿದವರದೆಲ್ಲ ಎರಡು ಬೆರಳಿನ ಕಾರಭಾರು, ಅಕ್ಷರ ಹುಡುಕಿ ಹುಡುಕಿ ಕುಟ್ಟುತ್ತಾರೆ. ಐವತ್ತೈದು ದಾಟಿದ ಈ ಹೆಂಗಸಿನ ಸಿಟ್ಟಿಗೂ ಊರಲ್ಲಿ ಹೆಸರಿದೆ. ಅರ್ಜಿ ಕೊಡಲು ಆಫೀಸಿಗೆ ಹೋದವನು ಎರಡನೇ ಪ್ರತಿಯ ಮೇಲೆ ಅರ್ಜಿ ಮುಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳದೆ ಬಂದನೋ, ಅವನ ಕಥೆ ಮುಗಿಯಿತು.

"ಸಹಿ ಇಲ್ಲ, ತಾರೀಖಿಲ್ಲ, ಟೈಮಿಲ್ಲ! ನಾಳೆ ಅವರು ನಿಮ್ಮ ಅರ್ಜೀನ ಬಂದಿಲ್ಲ ಅಂದ್ರ ಏನ್ ಮಾಡ್ತೀರಿ? ನಡೀರಿ, ತಿರುಗಿ ಹೋಗ್ರಿ!"

ಇಂಥವಳಿಗೆ ಅವಳ ಕಂಪ್ಯೂಟರೇ ಎದುರಾಡತೊಡಗಿತು. ದಿನಾ ಬೆಳಿಗ್ಗೆ ಚಾಲೂ ಮಾಡಿದೊಡನೆ ಪರದೆಯ ತುಂಬ ಅದೇ ಮಾತು: ವಿಂಡೋಸ್ ಹತ್ತರ ಕಾಲ ಮುಗಿಯಿತು, ಹನ್ನೊಂದು ಹಾಕಿಕೊಳ್ಳಿ, ಆದರೆ ನಿಮ್ಮ ಯಂತ್ರ ಅದಕ್ಕೆ ತಕ್ಕದ್ದಲ್ಲ. ತಕ್ಕದ್ದಲ್ಲವಂತೆ! ಹತ್ತು ವರ್ಷದಲ್ಲಿ ಒಂದು ದಿನ ಕೆಟ್ಟು ನಿಂತದ್ದಿಲ್ಲ. ಯಾರಪ್ಪ ಇವರು ನನ್ನ ಯಂತ್ರದ ಯೋಗ್ಯತೆ ಅಳೆಯುವವರು ಎಂದು ಖತೀಜಾಬಿ ಪರದೆಗೇ ಬೈದಳು.

ಬಂಕಾಪುರದಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಅಕ್ಕನ ಮಗ ನಿಯಾಜ ಬಂದು ನೋಡಿದ. ನಿಂತುಕೊಂಡೇ ತೀರ್ಪು ಕೊಟ್ಟ.

"ಇದು ಮುಗೀತ್ರಿ ಖಾಲಾ. ಗುಜರಿಗೆ ಹಾಕೂಣು. ಸೋಮವಾರ ಹೊಸಾದ ತರ್ತೇನಿ."

ಖತೀಜಾಬಿಯ ಮೈಯೆಲ್ಲ ಉರಿದುಹೋಯಿತು. ಗುಜರಿ ಎಂಬ ಮಾತನ್ನು ಅವಳು ಇವನ ಬಾಯಿಂದ ಕೇಳಿದ್ದು ಇದು ಎರಡನೇ ಸಲ. ಇಪ್ಪತ್ತೊಂದು ವರ್ಷದ ಹಿಂದೆ, ಆಗಷ್ಟೇ ಅಂಗಡಿ ತೆಗೆದಿದ್ದ ನಿಯಾಜ ಅವಳ ಟೈಪ್‌ರೈಟರನ್ನು ಗುಜರಿಗೆ ಹಾಕಿಸಿ ಮೊದಲ ಕಂಪ್ಯೂಟರ್ ತಂದಿಟ್ಟಿದ್ದ. ಟೈಪ್‌ರೈಟರಿನ ಕೀಲಿಗಳ ಜೋಡಣೆ ಕಂಪ್ಯೂಟರಿನಲ್ಲಿ ಬರುವುದೇ ಇಲ್ಲ, ಹೊಸದಾಗಿ ಕಲಿಯಬೇಕು ಎಂದಿದ್ದ. ನಂಬಿದಳು. ಸೀನಿಯರ್ ಪರೀಕ್ಷೆ ಪಾಸು ಮಾಡಿದ ಬೆರಳುಗಳನ್ನು ಮತ್ತೆ ಒಂದನೇ ಇಯತ್ತೆಗೆ ಕೂರಿಸಿದಳು. ಅದೇ ವರ್ಷ ಸರಕಾರಿ ಟೈಪಿಸ್ಟ್ ಹುದ್ದೆಗೆ ವೇಗದ ಪರೀಕ್ಷೆ ಬಂತು. ಅವಳ ವಯಸ್ಸಿಗೆ ಅದೇ ಕೊನೆಯ ಅವಕಾಶ. ಟೈಪ್‌ರೈಟರ್ ಇದ್ದವರು ತಮ್ಮ ತಮ್ಮದನ್ನು ಹೊತ್ತು ತಂದಿದ್ದರು. ಇವಳು ಬರಿಗೈಯಲ್ಲಿ ಹೋಗಿ ಅಲ್ಲಿಟ್ಟಿದ್ದ ಕಂಪ್ಯೂಟರಿನ ಮುಂದೆ ಕುಳಿತಳು. ಬೆರಳುಗಳು ಹಳೆಯ ಜಾಗಕ್ಕೇ ಓಡಿದವು, ಪರದೆಯ ಮೇಲೆ ಹಾಳುಮೂಳು ಬಿತ್ತು, ಹತ್ತು ನಿಮಿಷದಲ್ಲಿ ಎಲ್ಲ ಮುಗಿದುಹೋಯಿತು. ಅಂದಿನಿಂದ ಅವಳು ಇರುವುದು ಕಚೇರಿಯ ಒಳಗಲ್ಲ, ಎದುರಿಗೆ.

ಹೀಗಾಗಿ ಈ ಸಲ ಅವಳು ಒಂದೇ ಮಾತು ಹೇಳಿದಳು. "ಇದನ್ನ ಮುಟ್ಟಿದ್ರ ಕೈ ಮುರೀತೇನಿ."

ಅವಳ ಮನೆಯ ಹಿಂದೆ ಬಾಡಿಗೆಗಿದ್ದ ಸುಧಾರಾಣಿ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಅವಳು ಒಂದು ಪೆನ್‌ಡ್ರೈವ್ ತಂದಳು. "ಇದು ಲಿನಕ್ಸ್ ರೀ ಆಂಟಿ, ವಿಂಡೋಸ್ ಬದಲಿಗೆ ಹಾಕೂದು. ಮೊದಲ ಪೆನ್‌ಡ್ರೈವಿನಿಂದನ ನಡಿಸಿ ನೋಡ್ರಿ. ಒಗ್ಗಿದ್ರ ಮಾತ್ರ ಒಳಗ ಹಾಕೂಣು." ಅಯೋಗ್ಯ ಎನ್ನಿಸಿಕೊಂಡ ಯಂತ್ರ ಕಣ್ಣು ಮಿಟುಕಿಸುವುದರಲ್ಲಿ ಎದ್ದು ಕುಳಿತಿತು. ಮೇಲ್ ತೆರೆಯಿತು. ಪ್ರಿಂಟರನ್ನು ಯಾರೂ ಪರಿಚಯ ಮಾಡಿಸದೆ ತಾನೇ ಗುರುತು ಹಿಡಿಯಿತು. ಭಾನುವಾರ ಹಳೆಯ ಕಡತಗಳನ್ನೆಲ್ಲ ಬೇರೆ ಕಡೆ ತೆಗೆದಿಟ್ಟು ಸುಧಾರಾಣಿ ಲಿನಕ್ಸನ್ನು ಒಳಗೆ ಕೂರಿಸಿದಳು. ಕನ್ನಡವನ್ನೂ ಹಾಕಿಕೊಟ್ಟು ಹೋದಳು. ಆದರೆ ಆ ಗಡಿಬಿಡಿಯಲ್ಲಿ ಕನ್ನಡದಲ್ಲಿ ಒಂದು ಸಾಲನ್ನಾದರೂ ಟೈಪ್ ಮಾಡಿ ನೋಡೋಣ ಎಂದು ಇಬ್ಬರಿಗೂ ಹೊಳೆಯಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಿಮತ್ತೂರಿನ ಹೊಳಬಸಪ್ಪ ಬಂದು ಬೆಂಚಿನ ಮೇಲೆ ಕುಳಿತ. ಹೊಲದ ದಾರಿಯ ಜಗಳ. ತಕರಾರು ಅರ್ಜಿ ಕೊಡಲು ಅಂದೇ ಕಡೆಯ ದಿನ, ಮೂರು ಗಂಟೆಯ ಒಳಗೆ. ಖತೀಜಾಬಿ ಬೆರಳು ಊರಿ ಒಂದು ಸಾಲು ಹೊಡೆದಳು. ತಲೆ ಎತ್ತಿ ನೋಡಿದರೆ ಅದು ಯಾವ ದೇಶದ ಕನ್ನಡವೋ! ಅಳಿಸಿ ಮತ್ತೆ ಹೊಡೆದಳು. ಮತ್ತೆ ಅದೇ. ಅಕ್ಷರಗಳು ಎರಡನೇ ಸಲ ಜಾಗ ಬದಲಿಸಿ ಕುಳಿತಿದ್ದವು. ಸುಧಾರಾಣಿಗೆ ಫೋನು ಹಚ್ಚಿದರೆ ಅವಳು ತರಗತಿಯಲ್ಲಿ, ಎತ್ತಲಿಲ್ಲ.

"ಅಕ್ಕಾರ, ಬಾಜೂದವರ ಕಡೆ ಬರಸ್ಲೇನ್ರಿ?" ಎಂದು ಹೊಳಬಸಪ್ಪ ಹೆದರುತ್ತಲೇ ಕೇಳಿದ.

"ಕುಂದರ್ರಿ ಸುಮ್ನ!"

ಸರಿಯಾಗಿ ಅದೇ ಹೊತ್ತಿಗೆ ನಿಯಾಜ ಹೊಸ ಕಂಪ್ಯೂಟರಿನ ಪೆಟ್ಟಿಗೆ ಹೊತ್ತು ಬಂದ. ಪರದೆ ನೋಡಿದ, ನಕ್ಕ. "ನಾ ಹೇಳಿದ್ನೆಲ್ರಿ ಖಾಲಾ. ಸರೀರಿ, ಅರ್ಧಾ ತಾಸಿನ್ಯಾಗ ಇದನ್ನ ಜೋಡಸ್ತೇನಿ."

ಆ ನಗು ಇದೆಯಲ್ಲ, ಅದು ಇಪ್ಪತ್ತೊಂದು ವರ್ಷದ ಹಿಂದಿನದೇ ನಗು. ಖತೀಜಾಬಿ ಅವನಿಗೆ ಬೆನ್ನು ತಿರುಗಿಸಿದಳು. ಕೀಲಿಮಣೆಯ ಪಟ್ಟಿ ಎಲ್ಲಿದೆ ಎಂದು ಸುಧಾರಾಣಿ ತೋರಿಸಿದ್ದು ನೆನಪಿತ್ತು. ತೆರೆದಳು. ಕನ್ನಡದ ಕೆಳಗೆ ಐದಾರು ಜೋಡಣೆಗಳ ಹೆಸರು, ಎಲ್ಲ ಇಂಗ್ಲಿಷಿನಲ್ಲಿ. ಒಂದೊಂದನ್ನೇ ಓದುತ್ತ ಇಳಿದಳು. ಕೊನೆಯದನ್ನು ಎರಡು ಸಲ ಓದಿದಳು: ಟೈಪ್‌ರೈಟರ್.

ಒತ್ತಿದಳು. ಬೆರಳು ಊರಿದಳು. ಮೊದಲ ಸಾಲಿನಲ್ಲಿ ಮೂರು ತಪ್ಪು, ಎರಡನೆಯದರಲ್ಲಿ ಒಂದು. ಮೂರನೆಯದಕ್ಕೆ ಬೆರಳುಗಳೇ ಮುಂದೆ ಓಡಿದವು. ಅವಳಿಗೆ ಅಳು ಒತ್ತರಿಸಿ ಬಂತು, ಅದರ ಮೇಲೆ ಸಿಟ್ಟೂ ಬಂತು. ನಾಲ್ಕು ಪುಟ ಮುಗಿಸಿಯೇ ಕೈ ಎತ್ತಿದಳು.

"ಅರೆ," ಎಂದ ನಿಯಾಜ, ಬಗ್ಗಿ ನೋಡುತ್ತ. "ಟೈಪ್‌ರೈಟರಿಂದು ಇದರಾಗೂ ಕೊಟ್ಟಾರಲ್ಲ!"

ಪ್ರಿಂಟ್ ತೆಗೆದು ಎರಡು ಪ್ರತಿ ಹೊಳಬಸಪ್ಪನ ಕೈಗೆ ಕೊಟ್ಟು, ಸಹಿ ಮರೆಯಬೇಡಿ ಎಂದು ಅಟ್ಟಿದ ಮೇಲೆ ಖತೀಜಾಬಿ ಅವನ ಕಡೆ ತಿರುಗಿದಳು.

"ಇದರಾಗೂ ಅಂದ್ರ? ಮತ್ತ ಯಾವುದರಾಗ ಇತ್ತು?"

ನಿಯಾಜ ಪೆಟ್ಟಿಗೆಯ ಟೇಪು ಕೀಳತೊಡಗಿದ.

"ಬೊಗಳು."

"ಆವಾಗಿನ ಸಾಫ್ಟ್‌ವೇರಿನ್ಯಾಗೂ ಇತ್ರಿ ಖಾಲಾ. ಬ್ಯಾರೆ ಹಾಕಬೇಕಿತ್ತು. ಒಂದ ತಾಸಿನ ಕೆಲಸ. ಅವತ್ತ ಇನ್ನೂ ನಾಕ ಕಡೆ ಹೋಗಾವ ಇದ್ದೆ. ಹೆಂಗೂ ಕಲೀತಾರ ಬಿಡು ಅಂತ ಬರೂದಿಲ್ಲ ಅಂದಬಿಟ್ಟೆ."

ಬಾಜೂದವರು ಕುಟ್ಟುವುದನ್ನು ನಿಲ್ಲಿಸಿ ಕಿವಿ ಇತ್ತ ಇಟ್ಟರು. ಈಗ ಊರು ಹಾರಿಹೋಗುತ್ತದೆ ಎಂದೇ ಎಲ್ಲರೂ ತಿಳಿದರು. ಖತೀಜಾಬಿ ಕೀಲಿಮಣೆಯ ಕಡೆ ತಿರುಗಿದಳು. ಹೊಸ ಹಾಳೆ ತೆರೆದಳು. ಹಳೆಯ ಬೆರಳಿನ ಹಳೆಯ ವೇಗದಲ್ಲಿ ಹೊಡೆದಳು, ಎರಡು ಪ್ರತಿ ತೆಗೆದಳು, ಒಂದನ್ನು ಅವನ ಮುಂದೆ ಹಿಡಿದಳು.

ಅರ್ಜಿದಾರಳು: ಖತೀಜಾಬಿ, ಟೈಪಿಸ್ಟ್, ಸವಣೂರು.
ಎದುರುದಾರ: ನಿಯಾಜ, ಕಂಪ್ಯೂಟರ್ ಅಂಗಡಿ, ಬಂಕಾಪುರ.
ವಿಷಯ: ಒಂದು ತಾಸಿನ ಬಗ್ಗೆ ತಕರಾರು.
ಸದರಿ ಎದುರುದಾರನು ತನ್ನ ಒಂದು ತಾಸನ್ನು ಉಳಿಸಿಕೊಳ್ಳುವ ಸಲುವಾಗಿ ಅರ್ಜಿದಾರಳ ನೌಕರಿಯನ್ನು ಕಳೆದಿರುತ್ತಾನೆ. ಅರ್ಜಿದಾರಳು ಯಾವ ಪರಿಹಾರವನ್ನೂ ಕೇಳುವುದಿಲ್ಲ. ವಿಷಯವು ಎದುರುದಾರನ ಗಮನಕ್ಕೆ ಬಂದಿರಲಿ ಎಂದು ವಿನಂತಿ.

ನಿಯಾಜ ಓದಿದ. ನಲವತ್ತೈದು ವರ್ಷದ ಗಂಡಸು, ಕಣ್ಣು ಒರೆಸಿಕೊಂಡ.

"ಮಾಫ್ ಮಾಡ್ರಿ ಖಾಲಾ."

"ಮಾಫಿ ಕೇಳು ಅಂತ ಅದರಾಗ ಎಲ್ಲೆರ ಬರದೇನೇನು?" ಎಂದು ಖತೀಜಾಬಿ ಎರಡನೇ ಪ್ರತಿಯನ್ನೂ ಪೆನ್ನನ್ನೂ ಮುಂದೆ ತಳ್ಳಿದಳು. "ಮುಟ್ಟಿದ್ದಕ್ಕ ಸಹಿ ಹಾಕು."

ಅವನು ಬಗ್ಗಿ ಸಹಿ ಹಾಕಿದ. ತಾರೀಖನ್ನೂ ಬರೆದ. ಅವಳು ಕಾಗದ ತಿರುಗಿಸಿ ನೋಡಿದಳು, ಮತ್ತೆ ಅವನ ಮುಂದೆಯೇ ಇಟ್ಟಳು.

"ಟೈಮ್ ಬರಿ."