ಮೂರು ಬೆರಳಿಗೆ ಮೂರು ಕೆಮ್ಮು

ಬಾಕ್ಸಿಂಗ್ ಸಿನಿಮಾದಲ್ಲಿ ತೋರಿಸುವುದೆಲ್ಲ ಸುಳ್ಳು ಎಂದು ರಿಂಗಿಗೆ ಇಳಿದವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ. ಏಟು ಬಿದ್ದಾಗ ಅಂಥ ಸದ್ದು ಬರುವುದಿಲ್ಲ. ಒದ್ದೆ ಗೋಣಿಚೀಲವನ್ನು ನೆಲಕ್ಕೆ ಹಾಕಿದ ಹಾಗೆ ಒಂದು ಮಂಕು ಸದ್ದು, ಅಷ್ಟೇ. ಹೀರೋಗೆ ಬಿದ್ದಷ್ಟು ಏಟು ಬಿದ್ದರೆ ಎಮ್ಮೆಯೂ ಎದ್ದು ನಿಲ್ಲುವುದಿಲ್ಲ. ಕೈ ಮೇಲೆತ್ತಿ ಮುಖ ಕಾಯ್ದುಕೊಳ್ಳುವ ಬುದ್ಧಿ ಆ ಹೀರೋಗಳಲ್ಲಿ ಒಬ್ಬನಿಗೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ ಬಾಯಿ ಬಿಟ್ಟುಕೊಂಡು ನೋಡುತ್ತೇವೆ. ಹತ್ತನೇ ಸಲ ನೋಡುವಾಗಲೂ ಅದೇ ಜಾಗಕ್ಕೆ ಬಂದಾಗ ಅಳುತ್ತೇವೆ. ನಾನೂ ಅತ್ತಿದ್ದೇನೆ. ಈಗ ಆ ಸಿನಿಮಾಗಳ ಸುದ್ದಿ ಎತ್ತಿದರೆ ನನಗೆ ಮೈ ಉರಿಯುತ್ತದೆ.

ನಾನು ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಯಶವಂತಪುರದಿಂದ ಹೆಬ್ಬಾಳದ ಮೇಲೆ ಯಲಹಂಕಕ್ಕೆ ಹೋಗುವುದು, ಬರುವುದು, ಅದೇ ನನ್ನ ದಿನ. ಬಾಯಿ ಜೋರು ಎನ್ನುತ್ತಾರೆ. ಜೋರಿಲ್ಲದಿದ್ದರೆ ಫುಟ್‌ಬೋರ್ಡಿನ ಮೇಲೆ ನಿಂತವರು ಒಳಗೆ ಸರಿಯುತ್ತಾರೆಯೇ? ಬಾಕ್ಸರ್ ಆದವಳು ನನ್ನ ತಂಗಿ, ನನಗಿಂತ ನಾಲ್ಕು ವರ್ಷಕ್ಕೆ ಚಿಕ್ಕವಳು. ನಾನೂ ಎರಡು ವರ್ಷ ಗ್ಲೌಸ್ ಹಾಕಿದ್ದೆ, ಮೂಗು ಒಡೆದ ಮೇಲೆ ಬಿಟ್ಟು ಅವಳ ಮೂಲೆಯಲ್ಲಿ ನಿಲ್ಲುವವಳಾದೆ. ಮೂಲೆ ಎಂದರೆ ರಿಂಗಿನ ಮೂಲೆ. ರೌಂಡು ಮುಗಿದಾಗ ಸ್ಟೂಲ್ ಇಡಬೇಕು, ನೀರು ಕುಡಿಸಬೇಕು, ಮುಖ ಒರೆಸಬೇಕು. ಇನ್ನು ಸಾಕು ಅನಿಸಿದರೆ ಟವೆಲ್ ಎಸೆದು ಆಟ ನಿಲ್ಲಿಸಬೇಕು. ಈ ಕೊನೆಯದನ್ನು ನಾನು ಒಂದು ಸಲವೂ ಮಾಡಲಿಲ್ಲ.

ನಮ್ಮದು ಮತ್ತಿಕೆರೆಯ ಹಳೇ ಊರಿನ ಮನೆ. ತಾತನ ಕಾಲದಲ್ಲಿ ಹಿತ್ತಲಲ್ಲಿ ಗರಡಿ ಇತ್ತು. ತಾತ ಹೋದ ಮೇಲೆ ಚಿಕ್ಕಪ್ಪಂದಿರು ಮುಂದಿನ ಜಾಗವನ್ನೆಲ್ಲ ಒಡೆಸಿ ಕಾಲೇಜು ಹುಡುಗರಿಗೆ ಪಿ.ಜಿ. ಕಟ್ಟಿಸಿದರು. ಗರಡಿಯನ್ನು ಮಾತ್ರ ಮುಟ್ಟಲಿಲ್ಲ; ಗೋಡೆಯಲ್ಲಿ ಆಂಜನೇಯ ಇದ್ದಾನೆ, ಅವನನ್ನು ಕದಲಿಸಲು ಯಾರಿಗೂ ಧೈರ್ಯವಾಗಲಿಲ್ಲ. ಊರಿನವರೇ ಆದ, ವಯಸ್ಸಾದ ಬಾಕ್ಸರ್ ಒಬ್ಬರು ಬಂದು, ತೊಲೆಗೆ ಚೀಲ ಕಟ್ಟಿ, ಕುಸ್ತಿಯ ಕೆಂಪು ಮಣ್ಣಿನ ಮೇಲೆ ಹಲಗೆ ಹೊದಿಸಿ, ಮ್ಯಾಟ್ ಹಾಸಿ ಕಲಿಸತೊಡಗಿದರು. ಅವರನ್ನು ನಾವೆಲ್ಲ ಮಾಸ್ಟ್ರು ಎನ್ನುತ್ತಿದ್ದೆವು. ಹೆಣ್ಣುಮಕ್ಕಳು ಗರಡಿ ಮಣ್ಣು ತುಳಿಯಬಾರದು ಎಂದು ಅಜ್ಜಿ ತಗಾದೆ ತೆಗೆದಾಗ, "ಮಣ್ ಎಲ್ ತುಳೀತಾವ್ರಮ್ಮ, ಮ್ಯಾಟ್ ಮೇಲಲ್ವಾ ಇರೋದು," ಎಂದು ಅಜ್ಜಿಯ ಬಾಯಿ ಮುಚ್ಚಿಸಿದರು.

ಬೌಟ್, ಅಂದರೆ ಪಂದ್ಯ, ಇದ್ದರೆ ಅದರ ಹಿಂದಿನ ಸಂಜೆ ನಮ್ಮ ಗರಡಿಯಲ್ಲಿ ಒಂದು ಪದ್ಧತಿ. ಆಡುವವರ ಕೈಗೆ ಸುತ್ತುವ ಬಟ್ಟೆಪಟ್ಟಿಗಳನ್ನು ಆಂಜನೇಯನ ಮುಂದಿಟ್ಟು ಮಂಗಳಾರತಿ ಮಾಡುವುದು, ಆಮೇಲೆ ಟಿವಿಗೆ ಪೆನ್‌ಡ್ರೈವ್ ಚುಚ್ಚಿ ಒಂದು ಬಾಕ್ಸಿಂಗ್ ಸಿನಿಮಾ ನೋಡುವುದು. ಮಂಗಳಾರತಿ ತಪ್ಪಿದರೂ ಸಿನಿಮಾ ತಪ್ಪುತ್ತಿರಲಿಲ್ಲ. ಪಿ.ಜಿ. ಹುಡುಗರು ಬಂದು ಗೋಡೆಗೆ ಒರಗಿ ಕೂರುತ್ತಿದ್ದರು. ಬೀದಿ ತುದಿಯ ಟೀ ಅಂಗಡಿಯವನು ಅಂಗಡಿ ಬಿಟ್ಟು ಬರುತ್ತಿದ್ದ. ಅವನು ಒಂದೇ ಒಂದು ನಿಜವಾದ ಬೌಟಿಗೂ ಬಂದವನಲ್ಲ. ಯಾಕೆ ಎಂದು ಕೇಳಿದ್ದಕ್ಕೆ, "ನಿಜವಾದ್ದು ನೋಡಕ್ಕಾಗಲ್ಲ ಕಣಮ್ಮ. ಇದ್ರಲ್ಲಾದ್ರೆ ಕೊನೇಗೆ ಏನಾಗುತ್ತೆ ಅಂತ ಗೊತ್ತಿರುತ್ತೆ," ಎಂದ.

ನೋಡುವವರ ಕಥೆ ಅದು. ಆಡುವವರು ಯಾಕೆ ನೋಡುತ್ತಾರೆ ಎಂದು ನಾನು ಬಹಳ ಯೋಚಿಸಿದ್ದೇನೆ. ನಿಜವಾದ ಬೌಟ್ ಎಂದರೆ ಮೂರು ರೌಂಡು. ಖಾಲಿ ಪ್ಲಾಸ್ಟಿಕ್ ಕುರ್ಚಿಗಳು, ಮೈಕಿನಲ್ಲಿ ತಪ್ಪು ಹೆಸರು ಕೂಗುವವನು, ಊಟದ ಪ್ಯಾಕೆಟ್ ಬಂತಾ ಎಂದು ವಿಚಾರಿಸುವ ಸಂಘಟಕರು. ಆಡಿದವರಿಗೆ ಆಮೇಲೆ ಏನೂ ನೆನಪಿರುವುದಿಲ್ಲ. ಗೆದ್ದು ಬಂದ ತಂಗಿ ಸ್ಟೂಲಿನ ಮೇಲೆ ಕೂತು, "ಅಕ್ಕ, ಎರಡ್ನೇ ರೌಂಡಲ್ಲಿ ನಾನ್ ಏನ್ ಮಾಡ್ದೆ?" ಎಂದು ಕೇಳುತ್ತಿದ್ದಳು. ತಾನು ಮಾಡಿದ್ದನ್ನು ತಾನೇ ನೋಡಿರದವಳಿಗೆ ಸಿನಿಮಾ ಅದನ್ನು ನಿಧಾನವಾಗಿ, ಹತ್ತಿರದಿಂದ, ಸಂಗೀತ ಹಾಕಿ ತೋರಿಸುತ್ತಿತ್ತು. ಅಲ್ಲಿ ಕುರ್ಚಿಗಳು ತುಂಬಿರುತ್ತವೆ. ಮನೆಯವರು ಬಂದಿರುತ್ತಾರೆ.

ಅವಳಿಗೆ ಪ್ರಾಣವಾಗಿದ್ದದ್ದು ಯಾವುದೋ ಭಾಷೆಯಿಂದ ಡಬ್ ಆದ ಒಂದು ಹಳೆಯ ಸಿನಿಮಾ. ಅದರ ಹೆಸರು ನನ್ನ ಬಾಯಲ್ಲಿ ಬೇಡ. ಹೀರೋಗೆ ಒಂದು ಕಣ್ಣು ಕೆಟ್ಟಿರುತ್ತದೆ. ಡಾಕ್ಟರ್ ಒಳ್ಳೆಯ ಕಣ್ಣು ಮುಚ್ಚಿಸಿ ಎಷ್ಟು ಬೆರಳು ಎಂದು ಕೇಳಿದಾಗ, ಹಿಂದೆ ನಿಂತ ಮುದುಕ ಗುರು ಬೆರಳು ಎಣಿಸಿ ಕೋಲಿನಿಂದ ನೆಲ ಕುಟ್ಟುತ್ತಾನೆ. ಹೀರೋ ಸದ್ದು ಕೇಳಿ ಉತ್ತರ ಹೇಳುತ್ತಾನೆ, ರಿಂಗಿಗಿಳಿಯುತ್ತಾನೆ, ಗೆಲ್ಲುತ್ತಾನೆ. ಆ ಕೋಲಿನ ಸದ್ದು ಬಂದಾಗ ಪಿ.ಜಿ. ಹುಡುಗರು ಸಿಳ್ಳೆ ಹಾಕುತ್ತಿದ್ದರು, ತಂಗಿ ನನ್ನ ಭುಜ ಗುದ್ದುತ್ತಿದ್ದಳು.

ಆರು ವರ್ಷದ ಹಿಂದಿನ ಮಾತು. ರಾಜ್ಯ ಮಟ್ಟದ ಫೈನಲ್ಲಿಗೆ ಹದಿನೈದು ದಿನ ಇತ್ತು. ಅದರಲ್ಲಿ ಚಿನ್ನ ಗೆದ್ದರೆ ಕ್ರೀಡಾ ಕೋಟಾದಲ್ಲಿ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕಬಹುದಿತ್ತು. ಒಂದು ಬೆಳಿಗ್ಗೆ ಅಭ್ಯಾಸ ಮುಗಿಸಿ ಹೆಲ್ಮೆಟ್ ಬಿಚ್ಚುತ್ತ ಅವಳು ಹೇಳಿದಳು, "ಅಕ್ಕ, ಎಡಗಣ್ಣಲ್ಲಿ ಕಪ್ಪು ದಾರ ಓಡಾಡ್ದಂಗ್ ಆಗ್ತಿದೆ." ನಾಲ್ಕು ದಿನ ಕಳೆದ ಮೇಲೆ, ಪಕ್ಕದಿಂದ ಯಾರೋ ಪರದೆ ಎಳೆದ ಹಾಗಿದೆ ಎಂದಳು. ಆಮೇಲೆ ಕೇಳಿದಳು, "ಡಾಕ್ಟ್ರಿಗೆ ತೋರ್ಸಣ್ವಾ?"

ಅವಳಾಗಿ ಕೇಳಿದ್ದಳು. ಇದನ್ನು ನಾನು ಮರೆಯಬಾರದು.

"ಈಗ್ ತೋರ್ಸಿದ್ರೆ ಆಡ್ಬೇಡ ಅಂತಾರೆ ಕಣೇ," ಎಂದೆ. "ಇದೊಂದ್ ಆಗೋಗ್ಲಿ. ಆಮೇಲ್ ತೋರ್ಸಣ."

"ಬೌಟ್‌ಗ್ ಮುಂಚೆ ಮೆಡಿಕಲ್ ಇರುತ್ತಲ್ಲಕ್ಕ."

ನಾನು ಹಲಗೆಯನ್ನು ಕಾಲಿನಿಂದ ಮೂರು ಸಲ ಕುಟ್ಟಿದೆ. ಅವಳು ನನ್ನ ಮುಖ ನೋಡಿದಳು, ಆಮೇಲೆ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ನಮ್ಮ ಹತ್ತಿರ ಕೋಲಿರಲಿಲ್ಲ, ಆದ್ದರಿಂದ ಕೆಮ್ಮು ಎಂದು ತೀರ್ಮಾನವಾಯಿತು. ಮಾಸ್ಟ್ರಿಗೆ ಹೇಳಲಿಲ್ಲ. ಮನೆಯಲ್ಲಿ ಅಮ್ಮ ಸೊಪ್ಪು ಬಿಡಿಸುವಾಗ ನಾವಿಬ್ಬರೂ ಮಹಡಿ ಮೆಟ್ಟಿಲ ಮೇಲೆ ಕೂತು ಅಭ್ಯಾಸ ಮಾಡಿದೆವು. ಬೆರಳು ಎತ್ತುವುದು, ಕೆಮ್ಮುವುದು, ಹೇಳುವುದು. ಇಷ್ಟು ಶ್ರದ್ಧೆಯಿಂದ ನಾನು ಪರೀಕ್ಷೆಗೂ ಓದಿದವಳಲ್ಲ.

ನನ್ನ ಹಾಗೆ ಅವಳು ಬಸ್ಸಿನ ಕಂಬಿ ಹಿಡಿದು ಜನರ ಹತ್ತಿರ ಜಗಳವಾಡಿಕೊಂಡು ಸಾಯಬಾರದು ಎಂದು ನನಗಿತ್ತು. ಇದು ನೆಪವೋ ನಿಜವೋ ಈಗ ನನಗೇ ತಿಳಿಯದು. ಆ ಸಿನಿಮಾದ ಮುದುಕ ಗುರುವಿನ ಜಾಗದಲ್ಲಿ ನಿಲ್ಲಬೇಕು ಎಂಬ ಚಪಲವೂ ಇತ್ತು. ಅದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಫೈನಲ್ಲಿನ ಬೆಳಿಗ್ಗೆ ಕ್ರೀಡಾಂಗಣದ ಒಂದು ಕೋಣೆಯಲ್ಲಿ ತಪಾಸಣೆ. ಸಾಲಿನಲ್ಲಿ ಮೂವತ್ತು ನಲವತ್ತು ಮಕ್ಕಳು. ಡಾಕ್ಟರ್ ವಯಸ್ಸಾದವರು, ಸುಸ್ತಾಗಿದ್ದರು. ಬಿ.ಪಿ. ನೋಡಿದರು, ಟಾರ್ಚ್ ಬಿಟ್ಟರು, "ಬಲಗಣ್ ಮುಚ್ಕೊಮ್ಮ. ಎಷ್ಟ್ ಬೆರಳು?" ಎಂದು ಕೈ ಎತ್ತಿದರು. ನಾನು ಅವರ ಹಿಂದೆ ನೀರಿನ ಬಾಟಲಿ ಹಿಡಿದು ನಿಂತಿದ್ದೆ. ಮೂರು ಸಲ ಕೆಮ್ಮಿದೆ. ಅವಳು ಮೂರು ಎಂದಳು. ಮತ್ತೆ ಎತ್ತಿದರು. ಎರಡು ಸಲ ಕೆಮ್ಮಿದೆ, ಎರಡು ಎಂದಳು. ಡಾಕ್ಟರ್ ಸಹಿ ಹಾಕಿ ನನ್ನ ಕಡೆ ತಿರುಗಿ, "ಏನಮ್ಮ, ಕೆಮ್ ಜಾಸ್ತಿ ಆಗಿದ್ಯಲ್ಲ. ಮೆಣಸಿನ ಕಷಾಯ ಕುಡಿ," ಎಂದರು. ಪುಣ್ಯಾತ್ಮ, ನನ್ನ ಆರೋಗ್ಯ ವಿಚಾರಿಸಿದರು.

ಎದುರಾಳಿ ಮಾಕಳಿ ಕಡೆಯ ಹುಡುಗಿ, ಉದ್ದ ಕೈಯವಳು. ಮೊದಲ ರೌಂಡಿನಲ್ಲೇ ಅವಳಿಗೆ ಗೊತ್ತಾಯಿತು, ಈ ಕಡೆಯವಳಿಗೆ ಎಡಗಡೆಯಿಂದ ಬರುವ ಏಟು ಕಾಣುತ್ತಿಲ್ಲ ಎಂದು. ಅವಳ ಬಲಗೈ ಮತ್ತೆ ಮತ್ತೆ ಅಲ್ಲಿಗೇ ಬಂದು ಬಿತ್ತು. ಎರಡನೇ ರೌಂಡು ಮುಗಿದು ತಂಗಿ ಸ್ಟೂಲಿನ ಮೇಲೆ ಕೂತಾಗ ಟವೆಲ್ ನನ್ನ ಹೆಗಲ ಮೇಲಿತ್ತು. ಮುಖ ಒರೆಸಿದೆ. "ನಿಲ್ಸಲಾ?" ಎಂದು ಕೇಳಿದೆ. "ಸಿನಿಮಾದಲ್ ನಿಲ್ಸಿದ್ನಾ?" ಎಂದಳು. ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡೆ.

ಮೂರನೇ ರೌಂಡಿನಲ್ಲಿ ಅವಳು ಗೆದ್ದಳು. ಹೌದು, ಗೆದ್ದಳು. ಸೋತಿದ್ದರೆ ಎಷ್ಟೋ ಚೆನ್ನಾಗಿತ್ತು. ಮಾಸ್ಟ್ರು ಅತ್ತರು, ಗರಡಿಯ ಹುಡುಗರು ಅವಳನ್ನು ಹೆಗಲ ಮೇಲೆ ಹೊತ್ತು ಮತ್ತಿಕೆರೆ ಬೀದಿಯಲ್ಲಿ ತಮಟೆ ಹೊಡೆಸಿದರು. ಮರುದಿನ ಬೆಳಿಗ್ಗೆ ಎಡಗಣ್ಣಿನಲ್ಲಿ ಬೆಳಕೇ ಇರಲಿಲ್ಲ. ಕಣ್ಣಿನ ಹಿಂದಿನ ಪರದೆ ಕಿತ್ತು ಬಂದಿದೆ, ಹದಿನೈದು ದಿನ ಮೊದಲು ಬಂದಿದ್ದರೆ ಉಳಿಸಬಹುದಿತ್ತು ಎಂದು ಕಣ್ಣಾಸ್ಪತ್ರೆಯಲ್ಲಿ ಹೇಳಿದರು. ಎರಡು ಆಪರೇಷನ್ ಆದವು, ಪ್ರಯೋಜನವಾಗಲಿಲ್ಲ. ಇವಳ ಬಲಗಣ್ಣಿನ ಪರದೆಯೂ ತೆಳು, ಇನ್ನು ತಲೆಗೆ ಏಟು ಬೀಳಬಾರದು, ಒಂದು ಕಪ್ಪು ದಾರ ಕಂಡರೂ ಅವತ್ತೇ ಓಡಿ ಬನ್ನಿ ಎಂದು ಹೇಳಿ ಕಳಿಸಿದರು.

ಕೆಲಸಕ್ಕೆ ಅರ್ಜಿ ಹಾಕಿದೆವು, ಕರೆಯೂ ಬಂತು. ಸರ್ಕಾರಿ ಕೆಲಸಕ್ಕೂ ಕಣ್ಣಿನ ಪರೀಕ್ಷೆ ಇರುತ್ತದೆ ಎಂಬುದು ನಮ್ಮಿಬ್ಬರಲ್ಲಿ ಒಬ್ಬಳ ತಲೆಗೂ ಹೊಳೆದಿರಲಿಲ್ಲ. ಸಿನಿಮಾ ಗೆದ್ದ ಕೂಡಲೇ ಮುಗಿದುಬಿಡುತ್ತದಲ್ಲ, ಆಮೇಲಿನದನ್ನು ತೋರಿಸುವುದಿಲ್ಲ. ಆ ಪರೀಕ್ಷೆಯಲ್ಲಿ ಕೆಮ್ಮಲು ನನ್ನನ್ನು ಒಳಗೆ ಬಿಡಲಿಲ್ಲ. ಹತ್ತು ನಿಮಿಷಕ್ಕೆ ಅವಳು ಕಾಗದ ಮಡಚಿಕೊಂಡು ಹೊರಗೆ ಬಂದಳು.

ಅಮ್ಮ ಇವತ್ತಿಗೂ ಒಲೆ ಮುಂದೆ ನಿಂತು, "ಕೈಗ್ ಬಂದ್ ತುತ್ತು ಬಾಯಿಗ್ ಬರ್ಲಿಲ್ಲ. ಆ ಮಾಕಳಿ ಹುಡ್ಗಿ ಕೈ ಸೇದೋಗ," ಎಂದು ಶಪಿಸುತ್ತಾಳೆ. ನಾನು ತಟ್ಟೆ ತೊಳೆದಿಡುತ್ತೇನೆ. ಮಾಡಿದ್ದುಣ್ಣೋ ಮಾರಾಯ ಎನ್ನುತ್ತಾರೆ. ಮಾಡಿದವಳು ನಾನು, ಉಣ್ಣುತ್ತಿರುವವಳು ಅವಳು.

ಮಾಸ್ಟ್ರು ತೀರಿಕೊಂಡ ಮೇಲೆ ಗರಡಿಯಲ್ಲಿ ತಂಗಿಯೇ ಹೆಣ್ಣುಮಕ್ಕಳಿಗೆ ಕಲಿಸುತ್ತಾಳೆ. ಬೇಡ ಎಂದು ಬಡಕೊಂಡೆ. "ನಾನ್ ಆಡಲ್ಲ ಬಿಡು, ಬರೀ ಪ್ಯಾಡ್ ಹಿಡೀತೀನಿ," ಎಂದಳು. ಅಂಗೈಗೆ ದಪ್ಪ ಪ್ಯಾಡ್ ಕಟ್ಟಿಕೊಂಡು ಹುಡುಗಿಯರ ಗುದ್ದು ಹಿಡಿಯುವುದು. ಪದ್ಧತಿಯನ್ನೂ ಬಿಟ್ಟಿಲ್ಲ, ಮಂಗಳಾರತಿ, ಆಮೇಲೆ ಅದೇ ಸಿನಿಮಾ. ಕೋಲು ಕುಟ್ಟುವ ಜಾಗ ಬಂದಾಗ ನಿಲ್ಲಿಸಿ ಹುಡುಗಿಯರಿಗೆ ಹೇಳುತ್ತಾಳೆ, "ನಮ್ಮಕ್ಕನೂ ಹಿಂಗೇ ಮಾಡಿದ್ಲು ಕಣ್ರೇ." ಹುಡುಗಿಯರು ತಿರುಗಿ ನನ್ನನ್ನು ದೇವರ ಹಾಗೆ ನೋಡುತ್ತಾರೆ. ನನಗೆ ಆ ಟಿವಿಯನ್ನು ಎತ್ತಿ ಬೀದಿಗೆ ಎಸೆಯಬೇಕು ಎನಿಸುತ್ತದೆ. ಒಮ್ಮೆ ತಡೆಯಲಾರದೆ, "ಇನ್ಮೇಲ್ ಇದನ್ನ ಹಾಕಿದ್ರೆ ನೋಡು," ಎಂದು ಗದರಿಸಿದೆ. ಅವಳು ಜಗಳಕ್ಕೆ ಬರಲಿಲ್ಲ. "ಅದೊಂದ್ ಬಿಟ್ರೆ ನನ್ಹತ್ರ ಇನ್ನೇನಿದೆ ಅಕ್ಕ," ಎಂದಳು.

ಕಳೆದ ವಾರ ಒಬ್ಬಳು ಹುಡುಗಿಯ ಬೌಟ್ ಇತ್ತು. ಅದರ ಹಿಂದಿನ ಸಂಜೆ ಡ್ಯೂಟಿ ಮುಗಿಸಿ ಗರಡಿಗೆ ಬಂದಾಗ ತಂಗಿ ಪ್ಯಾಡ್ ಹಿಡಿದಿದ್ದಳು. ಹುಡುಗಿಯ ನೇರ ಗುದ್ದು ಪ್ಯಾಡಿಗೆ ಬೀಳದೆ ಇವಳ ಗಲ್ಲಕ್ಕೆ ಬಿತ್ತು. ಹುಡುಗಿ ಹೆದರಿದಳು. "ಏನಾಗಿಲ್ಲ, ನಂದೇ ತಪ್ಪು," ಎಂದು ಇವಳು ನಕ್ಕಳು. ಮಂಗಳಾರತಿ ತಟ್ಟೆ ಬಂದಾಗ ಇವಳ ಕೈ ದೀಪ ತಪ್ಪಿ ಪಕ್ಕಕ್ಕೆ ಹೋಯಿತು. ಸಿನಿಮಾ ಶುರುವಾಯಿತು. ಹೀರೋ ನೆಲಕ್ಕೆ ಬಿದ್ದು ಸಂಗೀತ ನಿಂತಾಗ, ನೂರು ಸಲ ನೋಡಿದ ಆ ಜಾಗದಲ್ಲಿ, ತಂಗಿ ಪಕ್ಕದ ಹುಡುಗಿಯನ್ನು ಮೆಲ್ಲಗೆ ಕೇಳಿದಳು, "ಎದ್ನಾ?"

ನಾನು ಎದ್ದು ಟಿವಿ ಆರಿಸಿದೆ. ಹುಡುಗಿಯರನ್ನೆಲ್ಲ ಮನೆಗೆ ಕಳಿಸಿ ಟ್ಯೂಬ್‌ಲೈಟ್ ಹಾಕಿದೆ. ಅವಳು ಮ್ಯಾಟಿನ ಮೇಲೆ ಕಾಲು ಚಾಚಿ ಕೂತೇ ಇದ್ದಳು.

"ಎಷ್ಟ್ ದಿನದಿಂದ ದಾರ ಕಾಣ್ತಿದೆ?" ಎಂದೆ.

"ಯಾವ್ ದಾರ. ಸುಮ್ನಿರಕ್ಕ."

ಎದುರಿಗೆ ಕೂತು ಕೈ ಎತ್ತಿದೆ. "ಎಷ್ಟ್ ಬೆರಳು ಹೇಳು."

ಅವಳು ನನ್ನ ಕೈಯ ಕಡೆ ನೋಡಲಿಲ್ಲ. ತಲೆ ಬಗ್ಗಿಸಿ, ಕಿವಿಯನ್ನು ನನ್ನ ಕಡೆಗೆ ವಾಲಿಸಿ ಕಾದಳು.

"ಕೆಮ್ಮಕ್ಕ," ಎಂದಳು.