ಡಾಕ್ಟರಮ್ಮ ಸಾಕಿದ ಒಲೆ

ಡಾಕ್ಟರಮ್ಮನ ಎಡಗಡೆಯ ಹುಬ್ಬು ಅರ್ಧವೇ ಇತ್ತು. ಮೂಗಿನ ಕಡೆಯ ಅರ್ಧ ಕಪ್ಪಗೆ, ದಟ್ಟವಾಗಿ. ಕಿವಿಯ ಕಡೆಯದು ಸುಟ್ಟ ಹುಲ್ಲಿನಂತೆ ಕೆಂಚಗೆ, ಮುಟ್ಟಿದರೆ ಉದುರುವಂಥದ್ದು. ಬೆಳೆಯುತ್ತಿತ್ತೋ ಏನೋ, ಅವರು ಬಿಡಬೇಕಲ್ಲ. ಒಲೆ ಕೊಂಚ ಮುನಿಸಿಕೊಂಡರೆ ಸಾಕು, ಅದರ ಗಾಜಿನ ಬಾಗಿಲು ತೆಗೆದು, ಮಕ್ಕಳ ಗಂಟಲು ನೋಡುವ ಹಾಗೆ ಮುಖವನ್ನೇ ಒಳಗೆ ತೂರಿಸಿ ನೋಡುತ್ತಿದ್ದರು.

ಮಲೇಷಿಯಾದಲ್ಲಿ ಮನೆ ಬೆಚ್ಚಗಿಡಲು ಒಲೆಯೇ ಎಂದು ನೀವು ಕೇಳಬಹುದು. ಬಯಾನ್ ಲೆಪಾಸ್‌ನ ನಮ್ಮ ಚಿಪ್ ಫ್ಯಾಕ್ಟರಿಯಲ್ಲಿ ನಾನು ಈ ಮಾತು ಎತ್ತಿದಾಗಲೆಲ್ಲ ಜನ ನಕ್ಕಿದ್ದಾರೆ. ಆದರೆ ಡಾಕ್ಟರಮ್ಮನ ಮನೆ ಇದ್ದದ್ದು ಕ್ಯಾಮರನ್ ಬೆಟ್ಟಗಳ ಮೇಲೆ, ತಾನಾ ರಾಟಾದಲ್ಲಿ. ಕೆಳಗೆ ಈಪೋದಲ್ಲಿ ಅಂಗಿ ಬೆನ್ನಿಗೆ ಅಂಟುತ್ತಿರುವಾಗ ಅಲ್ಲಿ ಮೋಡ ಅಂಗಳಕ್ಕೇ ಇಳಿದಿರುತ್ತದೆ. ನನ್ನ ಹೆಂಡತಿ ಅವರ ವಿದ್ಯಾರ್ಥಿನಿ. ಉಡುಪಿಯಿಂದ ಬಂದು ಈಪೋದ ಮೆಡಿಕಲ್ ಕಾಲೇಜಿನಲ್ಲಿ ಶರೀರಶಾಸ್ತ್ರ ಕಲಿಸಿದ ಡಾಕ್ಟರಮ್ಮ, ನಿವೃತ್ತಿಯ ಮೇಲೆ ಗಂಡನನ್ನು ಕರೆದುಕೊಂಡು ಬೆಟ್ಟ ಹತ್ತಿದ್ದರು. ತಿಂಗಳಿಗೊಮ್ಮೆ ನಾವೂ ಮಗಳನ್ನು ಕಟ್ಟಿಕೊಂಡು ಹತ್ತುತ್ತಿದ್ದೆವು.

ಬೆಟ್ಟ ಹತ್ತಿದ್ದು ಹವಾ ಬದಲಾವಣೆಯ ಶೋಕಿಗಲ್ಲ. ಅವರ ಗಂಡ, ಸೇತುವೆ ಕಟ್ಟುವ ಇಂಜಿನಿಯರಾಗಿದ್ದ ರಾಯರಿಗೆ ಹೆದ್ದಾರಿಯಲ್ಲಿ ಕಾರು ಅಪಘಾತವಾಗಿ ಕುತ್ತಿಗೆಯ ಮೂಳೆ ಮುರಿದಿತ್ತು. ಮುಖ, ಮಾತು, ನಗು ಎಲ್ಲ ಉಳಿದವು. ಕುತ್ತಿಗೆಯಿಂದ ಕೆಳಗೆ ಕೈಕಾಲು ಆಡುತ್ತಿರಲಿಲ್ಲ, ಸ್ಪರ್ಶ ತಿಳಿಯುತ್ತಿರಲಿಲ್ಲ. ಅದಕ್ಕಿಂತ ದೊಡ್ಡದೊಂದು ಹೋಗಿತ್ತು; ಅದು ಹೋದದ್ದು ಹೊರಗಿನವರಿಗೆ ಕಾಣುವಂಥದಲ್ಲ. ಸೆಖೆಯಾದರೆ ಅವರ ಮೈ ಬೆವರುತ್ತಿರಲಿಲ್ಲ, ಚಳಿಯಾದರೆ ನಡುಗುತ್ತಿರಲಿಲ್ಲ. ಕೋಣೆ ಬಿಸಿಯಾದರೆ ಅವರೂ ಬಿಸಿ, ಕೋಣೆ ತಣ್ಣಗಾದರೆ ಅವರೂ ತಣ್ಣಗೆ.

"ನಾನು ಈಗ ಹಲ್ಲಿಯ ಜಾತಿ ಮಾರಾಯ," ಎನ್ನುತ್ತಿದ್ದರು ರಾಯರು. "ಗೋಡೆ ಹೇಗೋ ನಾನು ಹಾಗೆ. ಬಾಲ ಒಂದು ಕಡಿಮೆ."

ಈಪೋದ ಬಿಸಿಲಲ್ಲಿ ಒಮ್ಮೆ ಕರೆಂಟು ಹೋಗಿ ಏಸಿ ನಿಂತಾಗ ಅವರಿಗೆ ಜ್ವರ ನೆತ್ತಿಗೇರಿ ಮಾತು ತಪ್ಪಿತ್ತಂತೆ. ಆಮೇಲೆ ಡಾಕ್ಟರಮ್ಮ ಬೆಟ್ಟವನ್ನು ಆರಿಸಿದರು. ಸೆಖೆ ತಪ್ಪಿತು, ಚಳಿ ಬಂತು. ಮನೆಯಲ್ಲಿದ್ದ ಹಳೆಯ ಕಟ್ಟಿಗೆಯ ಅಗ್ಗಿಷ್ಟಿಕೆಯ ಹೊಗೆ ಆಗದು, ಏಕೆಂದರೆ ಕೆಮ್ಮಿ ಉಗುಳುವ ಶಕ್ತಿ ಅವರ ಎದೆಗಿಲ್ಲ. ಬಿಸಿನೀರಿನ ಚೀಲವೂ ಆಗದು. ಒಮ್ಮೆ ಅದು ಮೀನಖಂಡ ಸುಟ್ಟಿದ್ದು, ಚರ್ಮ ಏಳುವವರೆಗೆ ಅವರಿಗೆ ಗೊತ್ತೇ ಆಗಿರಲಿಲ್ಲ. "ಬಿಸಿ ಅವರನ್ನು ಮುಟ್ಟಬಾರದು, ಕೋಣೆಯನ್ನು ಮುಟ್ಟಬೇಕು," ಎಂದು ಡಾಕ್ಟರಮ್ಮ ನಿರ್ಧರಿಸಿದ್ದರು.

ಹೀಗೆ ಪೆಲೆಟ್ ಒಲೆ ಬಂತು. ಮರದ ಪುಡಿಯನ್ನು ಒತ್ತಿ ಮಾಡಿದ, ಕಡಲೆಕಾಯಿ ಬೀಜಕ್ಕಿಂತ ಸಣ್ಣ ಗುಳಿಗೆಗಳನ್ನು ತಾನೇ ಸ್ವಲ್ಪ ಸ್ವಲ್ಪ ನುಂಗುತ್ತ ಉರಿಯುವ ಕಬ್ಬಿಣದ ಪೆಟ್ಟಿಗೆ ಅದು. ಹೊಗೆ ಕೊಳವೆಯಲ್ಲಿ ಹೊರಗೆ, ಬಿಸಿಗಾಳಿ ಒಳಗೆ. ಕರೆಂಟು ಹೋದರೆ ಆಸರೆಗೆ ಒಂದು ಬ್ಯಾಟರಿ. ಈ ದೇಶದ ಗುಳಿಗೆಗಳು ಹಡಗು ತುಂಬಿ ಜಪಾನಿಗೆ ಹೋಗುತ್ತವೆ ಎಂದು ಯಾರೋ ಹೇಳಿದ್ದೇ ತಡ, ಡಾಕ್ಟರಮ್ಮ ಕಾರ್ಖಾನೆಯ ಬಾಗಿಲಿಗೇ ಹೋಗಿ ನಿಂತರು. "ಜಪಾನಿಗೆ ಹಡಗು ತುಂಬಾ ಕೊಡ್ತೀರಿ, ನನ್ನ ಗಂಡನಿಗೆ ನಾಲ್ಕು ಮೂಟೆ ಇಲ್ವಾ?" ಕೊಟ್ಟರು. ಅವರು ಕೇಳಿದ್ದನ್ನು ಇಲ್ಲವೆಂದವರನ್ನು ನಾನು ಕಂಡಿಲ್ಲ.

ಒಲೆಯೇನೋ ಬಂತು. ಅದಕ್ಕೆ ಯಾವಾಗ ಏಳಬೇಕು, ಯಾವಾಗ ಮಲಗಬೇಕು ಎಂದು ಹೇಳುವವರು ಯಾರು? ಗೋಡೆಯ ಮೇಲೆ ಕೂತು ಕೋಣೆಯ ಬಿಸಿ ಅಳೆದು ಒಲೆಗೆ ಅಪ್ಪಣೆ ಕೊಡುವ ಥರ್ಮೋಸ್ಟಾಟ್ ಬೇಕಾಯಿತು. ಈಪೋದ ಅಂಗಡಿಯ ತಮಿಳು ಅಣ್ಣನ ಮುಂದೆ ಡಾಕ್ಟರಮ್ಮ ನಿಂತಾಗ ನಾನೂ ಪಕ್ಕದಲ್ಲಿದ್ದೆ.

"ಹೀಟರಿಗಾ?" ಆತ ಕನ್ನಡಕ ಕೆಳಗಿಳಿಸಿದ. "ಅಮ್ಮಾ, ಇದು ಮಲೇಷಿಯಾ ಲಾ! ಒಂದು ಗಂಟೆ ಹೊರಗೆ ನಿಂತುಕೊಳ್ಳಿ. ಫ್ರೀ!"

"ನಾನು ನಿಲ್ತೇನೆ. ನನ್ನ ಗಂಡ ನಿಲ್ಲುದಿಲ್ಲ. ತೋರ್ಸು ನೀನು."

ಆತ ಒಂದು ಕೊಟ್ಟ. ಅದನ್ನು ಕೂರಿಸಲು ಬೆಟ್ಟದ ಮೇಲಿನ ಒಬ್ಬ ಎಲೆಕ್ಟ್ರಿಷಿಯನ್ ಬಂದ. ಮಳೆಯ ಮಧ್ಯಾಹ್ನ. ತಂತಿ ಸೇರಿಸಿದ, ಒಲೆ ಏಳಲಿಲ್ಲ. ಗುಂಡಿಯನ್ನು ಕೆಳಕ್ಕೆ ತಿರುಗಿಸುತ್ತ ಹೋದ. ಟಿಕ್ ಎಂದಿತು, ಒಲೆ ಹೊತ್ತಿತು. "ಓಕೆ ಲಾ, ಮಾಕಾನ್ ಮುಗಿಸಿ ಬರ್ತೀನಿ," ಎಂದು ಊಟಕ್ಕೆ ಹೋದ. ಡಾಕ್ಟರಮ್ಮ ಅಡುಗೆಮನೆಯಲ್ಲಿ ನಮಗೆ ಕೊಟ್ಟೆಕಡುಬು ಇಳಿಸುತ್ತಿದ್ದರು. ರಾಯರು ನನಗೆ ಸೇತುವೆಯ ಕಂಬ ಇಳಿಸುವ ಕಥೆ ಹೇಳುತ್ತಿದ್ದರು. ನಾನು ಸ್ವೆಟರ್ ಬಿಚ್ಚಿದೆ. ಆಮೇಲೆ ಅಂಗಿಯ ಮೇಲಿನ ಗುಂಡಿ. ಹಿತವಾಗಿದೆ ಅಂದುಕೊಂಡೆ.

ತಟ್ಟೆ ಹಿಡಿದು ಬಂದ ಡಾಕ್ಟರಮ್ಮ ಹೊಸ್ತಿಲಲ್ಲೇ ನಿಂತರು. ನೋಡಿದ್ದು ಒಲೆಯನ್ನಲ್ಲ, ರಾಯರ ಕಿವಿಯ ತುದಿಯನ್ನು. ಅದು ಕೆಂಪಗೆ, ಮಾಗಿದ ದಾಳಿಂಬೆಯ ಸಿಪ್ಪೆಯಾಗಿತ್ತು. ತಟ್ಟೆ ನನ್ನ ಮಡಿಲಿಗೆ ಬಿತ್ತು. ನೇರ ಗೋಡೆಗೆ ಹೋಗಿ ಆ ಎರಡು ತಂತಿಗಳನ್ನು ಕಿತ್ತು ಹಾಕಿದರು, ಕಿಟಕಿಗಳನ್ನು ತೆರೆದರು, ಒದ್ದೆ ಬಟ್ಟೆಯನ್ನು ಅವರ ತಲೆಗೆ, ಕಂಕುಳಿಗೆ ಒತ್ತಿದರು. ರಾಯರ ಮಾತು ಅಷ್ಟರಲ್ಲೇ ತೊದಲುತ್ತಿತ್ತು. "ಕಂಬ... ಕಂಬ ಇಳಿಸುವಾಗ..." ಎಂದಷ್ಟೇ ಹೇಳುತ್ತಿದ್ದರು. ನನ್ನ ಹೆಂಡತಿ ಥರ್ಮಾಮೀಟರ್ ಹಿಡಿದು ಲೆಕ್ಕ ಕೂಗುತ್ತಿದ್ದಳು. ಅದು ಇಳಿಯುವವರೆಗೆ ಡಾಕ್ಟರಮ್ಮ ಬಟ್ಟೆ ಹಿಂಡಿ ಹಿಂಡಿ ಒತ್ತುತ್ತಲೇ ಇದ್ದರು.

ಇಳಿಯಿತು. ರಾಯರು ಕಣ್ಣು ತೆರೆದು, "ಕಡುಬನ್ನಾ, ನನ್ನನ್ನಾ ಬೇಯಿಸಿದ್ದು ನೀನು?" ಎಂದರು. ಆಗ ಡಾಕ್ಟರಮ್ಮ ಕೂತರು.

ಗೋಡೆಯ ಮೇಲಿನ ಆ ಥರ್ಮೋಸ್ಟಾಟ್ ಪೆಟ್ಟಿಗೆಗೆ ಏಸಿ ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಕೋಣೆ ಬಿಸಿಯಾದರೆ ಯಂತ್ರವನ್ನು ಎಬ್ಬಿಸು ಎನ್ನುವುದಷ್ಟೇ ಅದರ ವಿದ್ಯೆ. ಒಲೆ ಕೋಣೆಯನ್ನು ಕಾಯಿಸಿದಷ್ಟೂ ಅದು, ಇನ್ನೂ ಉರಿ, ಇನ್ನೂ ಉರಿ ಎನ್ನುತ್ತಿತ್ತು.

"ಹಂಗಂದ್ರ ಇದು ಉಲ್ಟಾ ನಡದಿತ್ತೇನ್ರಿ?" ಎಂದೆ. ಗಾಬರಿಯಾದಾಗ ನನ್ನ ಬಾಯಿಗೆ ಬರುವುದು ಹುಬ್ಬಳ್ಳಿಯ ನನ್ನ ಅಜ್ಜಿಯ ಮಾತೇ.

"ಅದರ ತಪ್ಪಲ್ಲ," ಎಂದರು ಡಾಕ್ಟರಮ್ಮ. "ಈ ಊರಲ್ಲಿ ಹುಟ್ಟಿದ್ದು ಅದು. ಬೆಚ್ಚಗೆ ಬೇಕು ಅಂತ ಒಬ್ಬ ಕೇಳಿಯಾನು ಅಂತ ಅದಕ್ಕೆ ಯಾರೂ ಹೇಳಿಕೊಡ್ಲಿಲ್ಲ."

ಮುಂದಿನದನ್ನು ಅವರು ಯಾರ ಕೈಗೂ ಬಿಡಲಿಲ್ಲ. ಕಾಯಿಸುವುದು ಬಲ್ಲ, ಒಲೆಯ ತಯಾರಕರು ಒಪ್ಪುವ, ಎರಡೇ ಸಣ್ಣ ತಂತಿಯಲ್ಲಿ ಮಾತಾಡುವ ಪೆಟ್ಟಿಗೆಯನ್ನು ಹೊರದೇಶದಿಂದ ತರಿಸಿದರು. ದಿನದ ಹೊತ್ತು ಹೊತ್ತಿಗೂ ಬೇರೆ ಬೇರೆ ಬಿಸಿ ಹೇಳಿಡಬಹುದಾದ ಪೆಟ್ಟಿಗೆ ಅದು. ಎಲೆಕ್ಟ್ರಿಷಿಯನ್ ಅದನ್ನು ಒಲೆಯ ಹತ್ತಿರದ ಗೋಡೆಗೆ ಹಾಕಹೊರಟಾಗ ತಡೆದರು. "ಒಲೆಯ ಪಕ್ಕ ಕೂತವನಿಗೆ ಊರೆಲ್ಲಾ ಬೆಚ್ಚಗೆ ಕಾಣ್ತದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆದೀತು." ಒಳಗೋಡೆಯ ಮೇಲೆ, ಬಿಸಿಲು ಬೀಳದ ಕಡೆ, ರಾಯರ ದಿಂಬಿನ ಎತ್ತರಕ್ಕೆ ಸರಿಯಾಗಿ ಮೊಳೆ ಹೊಡೆಸಿದರು.

ಮೊದಮೊದಲು ಒಲೆ ಹೊತ್ತುವುದು, ಆರುವುದು, ಮತ್ತೆ ಹೊತ್ತುವುದು. ಏಸಿಯ ಹಾಗೆ ಇದು ಒತ್ತಿದ ತಕ್ಷಣ ಕೆಲಸಕ್ಕೆ ಇಳಿಯುವುದಲ್ಲ. ಪ್ರತಿ ಸಲವೂ ಕಿಡಿ ಹಿಡಿಯಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ, ಕಿಡಿ ಹೊತ್ತಿಸುವ ಕಡ್ಡಿಯೂ ಬೇಗ ಸವೆಯುತ್ತದೆ. ಡಾಕ್ಟರಮ್ಮ ಗಾಜಿನ ಮುಂದೆ ಮಣೆ ಹಾಕಿಕೊಂಡು ದಿನಗಟ್ಟಲೆ ನೋಡಿದರು. ಹುಬ್ಬು ಹೋದದ್ದು ಆಗಲೇ. ಕೊನೆಗೆ ಪೂರ್ತಿ ಆರಿಸುವ ಪದ್ಧತಿಯನ್ನೇ ಬಿಟ್ಟರು. ಚಳಿಯ ಹೊತ್ತಿನಲ್ಲಿ, ಬೇಕಾದಾಗ ದೊಡ್ಡ ಉರಿ, ಸಾಕಾದಾಗ ಸಣ್ಣ ಉರಿ.

"ಇದು ಸಾಯಬಾರದು. ನಿದ್ದೆ ಮಾಡ್ಬೇಕು," ಎಂದರು. "ನಿದ್ದೆಯಿಂದ ಎಬ್ಬಿಸುದು ಸುಲಭ."

ಅವರು ಬರೆದ ದಿನಚರಿ ಆ ಪೆಟ್ಟಿಗೆಯೊಳಗೆ ಇತ್ತು. ರಾಯರ ಮೈ ಒರೆಸಲು ಬಟ್ಟೆ ಸರಿಸುವ ಹೊತ್ತಿಗೆ ಬಹಳ ಮೊದಲೇ ಉರಿ ಏರಲು ಶುರುವಾಗುತ್ತಿತ್ತು. ಬಿಸಿಲು ಬರುವ ಹೊತ್ತಿಗೆ ಒಲೆಗೆ ರಜೆ. ಸಂಜೆ ಚಹಾ ತೋಟದ ಕಡೆಯಿಂದ ಮೋಡ ಏಳುವ ಮೊದಲೇ ಮತ್ತೆ ಎಚ್ಚರ. ನನ್ನ ಮಗಳು ಒಮ್ಮೆ ಇಂಗ್ಲಿಷಿನಲ್ಲಿ, "ಅಜ್ಜಿ, ಫೋನ್ ಆ್ಯಪ್ ಹಾಕಿದ್ರೆ ಸಾಕಲ್ಲ?" ಎಂಬರ್ಥದಲ್ಲಿ ಕೇಳಿದಳು.

"ಮೋಡ ಇಳಿದ್ರೆ ಇಲ್ಲಿ ನೆಟ್ ಇಲ್ಲ ಮಗಾ. ಮೋಡ ಇಳಿದಾಗ್ಲೇ ಅಲ್ವಾ ನನಗೆ ಅದು ಬೇಕಾದ್ದು?"

ರಾಯರು ದಿಂಬಿನಿಂದ ನಕ್ಕರು. "ಎಲ್ಲರ ಹೆಂಡತಿಯರೂ ಗಂಡನ ತಲೆ ತಿನ್ತಾರೆ. ಇವಳು ನೋಡು, ಗೋಡೆ ಮೇಲೆ ಇನ್ನೊಂದು ತಲೆ ಹಾಕಿಸಿಕೊಟ್ಟಿದ್ದಾಳೆ."

ಆ ದಿನ ಬೆಟ್ಟ ಇಳಿಯುವಾಗ, ತಿರುವು ಕಳೆದಂತೆಲ್ಲ ಕಾರಿನೊಳಗೆ ಸೆಖೆ ಏರುತ್ತಿತ್ತು. ನನ್ನ ಹಣೆಯಲ್ಲಿ ಬೆವರು ಮೂಡಿತು. ಅದನ್ನು ಮೂಡಿಸು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಹುಟ್ಟಿದಂದಿನಿಂದ ಒಂದು ಕ್ಷಣವೂ ಬಿಡದೆ ನನ್ನೊಳಗೆ ಯಾರೋ ನನ್ನನ್ನು ಕಾಯುತ್ತಿದ್ದಾರೆ, ನಾನು ಒಮ್ಮೆಯೂ ಕೇಳಿದ್ದಿಲ್ಲ. ಆ ಕೆಲಸವನ್ನು ಇನ್ನೊಬ್ಬರ ಮೈಗಾಗಿ, ಎಚ್ಚರದಲ್ಲಿ, ಕೈಯಾರೆ ಮಾಡುತ್ತಿದ್ದ ಹೆಂಗಸು ಮೇಲೆ ಬೆಟ್ಟದಲ್ಲಿ ಮೋಡದೊಳಗಿದ್ದರು. ನಮಾಜಿಗೆ ನಿಂತಾಗ ಬರುವ ಮೌನವೊಂದು ಉಂಟಲ್ಲ, ಅದು ಆ ದಿನ ಸ್ಟಿಯರಿಂಗ್ ಹಿಡಿದಾಗಲೇ ಬಂತು.

ಈಗ ಆ ಮನೆಯಲ್ಲಿ ರಾಯರ ಜೊತೆ ಅವರ ತಂಗಿ ಇದ್ದಾರೆ. ಒಲೆಯ ಬೂದಿ ತೆಗೆಯಲು ನಾನು ಹೋಗುತ್ತೇನೆ. ದಿನಚರಿಯಲ್ಲಿ ಒಂದು ಅಂಕೆಯನ್ನೂ ಬದಲಿಸಬೇಕಾಗಿ ಬಂದಿಲ್ಲ. ನನಗೆ ಹೇಳಬೇಕೆನಿಸುವುದು ಡಾಕ್ಟರಮ್ಮ ಹೋದ ದಿನದ್ದು.

ಬೆಳಿಗ್ಗೆ ಅಂಗಳದಲ್ಲಿ ಬಸಳೆ ಕೊಯ್ದು ಬಂದು, ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ನಾವು ತಲುಪಿದಾಗ ಮಧ್ಯಾಹ್ನ. ಅವರನ್ನು ಹೊರಗಿನ ಹಜಾರದಲ್ಲಿ ಮಲಗಿಸಿದ್ದರು. ಈಪೋದಿಂದ ಹಳೆಯ ವಿದ್ಯಾರ್ಥಿಗಳು, ಪಕ್ಕದ ತೋಟದವರು, ಬರುವವರು ಹೋಗುವವರು; ಬಾಗಿಲು ಹಾಕುವ ಯೋಚನೆ ಯಾರಿಗೂ ಬರಲಿಲ್ಲ. ಸಂಜೆಯಾಗುತ್ತಲೇ ಮೋಡ ನಡೆದುಕೊಂಡು ಒಳಗೆ ಬಂತು. ಎಲ್ಲರೂ ಅಳುತ್ತಿದ್ದರು, ರಾಯರನ್ನು ನೋಡುವವರಿರಲಿಲ್ಲ. ಆಗ ಒಳಕೋಣೆಯಲ್ಲಿ ಒಲೆ ತಾನಾಗಿ ಗುಳಿಗೆ ನುಂಗಿತು. ಉರಿ ಎದ್ದಿತು. ನಾನು ಓಡಿದೆ. ರಾಯರ ಕೆನ್ನೆ ಬೆಚ್ಚಗಿತ್ತು.

"ಬಾಗಿಲು ಹಾಕು ಮಾರಾಯ," ಎಂದರು. "ಅವಳನ್ನು ಇಲ್ಲಿಗೆ ತನ್ನಿ. ಅಲ್ಲಿ ಚಳಿ."

ತಂದೆವು. ಅವರ ಮಂಚಕ್ಕೆ ತಾಗಿಸಿ ಇನ್ನೊಂದು ಮಂಚ ಹಾಕಿ ಮಲಗಿಸಿದೆವು. ರಾಯರಿಗೆ ಸ್ಪರ್ಶ ತಿಳಿಯುವುದು ಮುಖದಲ್ಲಿ ಮಾತ್ರ. ನನ್ನ ಹೆಂಡತಿ ತನ್ನ ಗುರುವಿನ ಕೈಯನ್ನು ಎತ್ತಿ ಅವರ ಕೆನ್ನೆಗೆ ತಾಗಿಸಿ ಹಿಡಿದಳು.

"ತಣ್ಣಗೆ ಉಂಟು," ಎಂದರು ರಾಯರು.

ಬಾಗಿಲು ಹಾಕಿದ್ದರಿಂದ ಉರಿ ಮೆಲ್ಲಗೆ ಕೆಳಗಿಳಿದು ಸಣ್ಣಗಾಯಿತು. ಕಿಟಕಿಯಾಚೆ ಏನೂ ಕಾಣುತ್ತಿರಲಿಲ್ಲ. ಬಹಳ ಹೊತ್ತಾದ ಮೇಲೆ ರಾಯರು ಕಣ್ಣು ಮುಚ್ಚಿಯೇ ಹೇಳಿದರು:

"ಈಗ ಬೆಚ್ಚಗಾಯ್ತು."

ನನ್ನ ಹೆಂಡತಿ ಆಮೇಲೂ ಆ ಕೈಯನ್ನು ತೆಗೆಯಲಿಲ್ಲ.